ಸೂಜಿಯಕ್ಕನ ಕೈಗೆ ಒಪ್ಪಿದ ಗ್ಲೌಸು

ಕೂತು ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ನೋವು ಅದು. ಬೆಳಗ್ಗೆ ಹೊಲಿಗೆ ಮಷೀನಿನ ಮುಂದೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿಯುತ್ತದೆ. ಸಂಜೆಗೆ ಸೊಂಟ ನಾನೂ ಇದ್ದೇನೆ ಅನ್ನುತ್ತದೆ. ಎದ್ದು ಒಂದು ಮಹಡಿ ಹತ್ತಿದರೆ ಏದುಸಿರು.

ಸೂಜಿಯಕ್ಕನಿಗೆ ನಲವತ್ತೆರಡು ತುಂಬುವಷ್ಟರಲ್ಲಿ ಈ ಮೂರೂ ಜೊತೆಯಾಗಿದ್ದವು. ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳಲ್ಲ, ಅದಕ್ಕೇ ಆ ಹೆಸರು ಅಂಟಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಮಷೀನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಅಳತೆ ಪುಸ್ತಕ. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನ ಮನೆಯಲ್ಲಿ ಅತ್ತೆ, ಸೊಸೆ, ಮತ್ತೆ ಹನ್ನೊಂದು ವರ್ಷದ ಮಗಳು.

ಮಹಡಿ ಮೇಲೆ ಒಬ್ಬ ನರ್ಸಕ್ಕ ಬಾಡಿಗೆಗಿದ್ದಳು. ಹತ್ತಿರದ ದವಾಖಾನೆಯಲ್ಲಿ ಪಟ್ಟಿ ಕಟ್ಟುವ, ಸೂಜಿ ಚುಚ್ಚುವ ಕೆಲಸ. ಡಾಕ್ಟರು ಸೂಜಿಯಕ್ಕನಿಗೆ ಮೈ ಬಗ್ಗಿಸಿ ಏನಾದರೂ ಮಾಡು ಎಂದು ಹೇಳಿದ್ದು, ಇವಳು ಹೊತ್ತೆಲ್ಲಿದೆ ಎಂದು ಕೈಚೆಲ್ಲಿದ್ದು, ಎರಡನ್ನೂ ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಮರುದಿನ ಬೆಳಗ್ಗೆ ಆರಕ್ಕೆ ಬಂದು ಬಾಗಿಲು ತಟ್ಟಿದಳು. ಲೈಬ್ರರಿಯ ಹಿಂದಿನ ಹಾಲಿನಲ್ಲಿ ಹೆಂಗಸರಿಗೆ ಬಾಕ್ಸಿಂಗ್ ಹೇಳಿಕೊಡುತ್ತಾರೆ, ನಾನು ಒಂದು ವರ್ಷದಿಂದ ಹೋಗುತ್ತಿದ್ದೇನೆ, ಚಪ್ಪಲಿ ಮೆಟ್ಟಿಕೊಂಡು ಬಾ ಎಂದಳು. ಸೂಜಿಯಕ್ಕ ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಕೈಹಿಡಿದು ಎಳೆದುಕೊಂಡು ಹೋಗಿಯೇಬಿಟ್ಟಳು.

ಅತ್ತೆಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಎಲ್ಲರ ಮಾತನ್ನೂ ಕೇಳಿಸಿಕೊಂಡು ತಮ್ಮ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಅವರ ಅಭ್ಯಾಸ.

"ಗುದ್ದೋದು ಕಲಿತು ಯಾರಿಗೆ ಗುದ್ದಬೇಕು? ಮನೇಲಿರೋದು ನಾನೊಬ್ಬಳೇ," ಎಂದರು.

ಆದರೂ ಸೂಜಿಯಕ್ಕ ಹೋದಳು. ಮೊದಲ ಮೂರು ವಾರ ಗುದ್ದುವ ಮಾತೇ ಇರಲಿಲ್ಲ. ಕಾಲು ಹೇಗಿಡಬೇಕು, ಭುಜ ಹೇಗೆ ಸಡಿಲ ಬಿಡಬೇಕು, ಗಾಳಿಯಲ್ಲಿ ಕೈ ಹೇಗೆ ಬೀಸಬೇಕು, ಇಷ್ಟೇ. ಕೋಚ್ ಅರವತ್ತರ ಹತ್ತಿರದ ಹೆಂಗಸು. ದನಿ ಎತ್ತದೆ ಹೇಳಿದ್ದನ್ನು ಹತ್ತು ಸಲ ಬೇಕಾದರೂ ಹೇಳುವವರು. ಕೈಗೆ ಬಟ್ಟೆಪಟ್ಟಿ ಸುತ್ತುವುದನ್ನು ಅವರೇ ಕಲಿಸಿದರು. ಹೆಬ್ಬೆರಳಿಗೆ ಒಂದು ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳ ಸಂದಿಯಲ್ಲಿ ಹಾಯಿಸಿ ಮತ್ತೆ ಮಣಿಕಟ್ಟಿಗೆ. ಬಟ್ಟೆಯ ಕೆಲಸವಾದ್ದರಿಂದ ಸೂಜಿಯಕ್ಕ ಅದರಲ್ಲಿ ಎಲ್ಲರಿಗಿಂತ ಮುಂದೆ. ಒಂದು ಸುಕ್ಕಿಲ್ಲದೆ ಸುತ್ತುತ್ತಿದ್ದಳು. ಕತ್ತಿನ ನೋವು ಕಡಿಮೆಯಾಗಿತ್ತು. ಮೆಟ್ಟಿಲು ಹತ್ತಿದಾಗ ಉಸಿರು ಹಿಡಿತದಲ್ಲಿತ್ತು. ಬೆಳಗಿನ ಆ ಒಂದು ಗಂಟೆ ತನ್ನದೇ ಎಂಬ ಖುಷಿ ಬೇರೆ.

ಮೂರನೇ ವಾರದ ಕೊನೆಯ ತರಗತಿಯಲ್ಲಿ ಕೋಚ್ ಎಲ್ಲರನ್ನೂ ಕೂರಿಸಿಕೊಂಡು, ಇನ್ನು ಮೇಲೆ ತೂಗುಹಾಕಿರುವ ಗುದ್ದುವ ಬ್ಯಾಗಿಗೆ ಹೊಡೆಯುವುದು ಶುರು, ಅವರವರ ಗ್ಲೌಸು ಅವರವರೇ ತರಬೇಕು ಎಂದರು. ಅಲ್ಲಿನ ಮೂಲೆಯ ಡಬ್ಬಿಯಲ್ಲಿ ನಾಲ್ಕು ಜೊತೆ ಹಳೆಯವು ಇದ್ದವು. ಹತ್ತು ಜನ ಹಾಕಿ ಬಿಚ್ಚಿದವು, ಒಳಗೆ ಒದ್ದೆ, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ತೆಗೆದುಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳಿ ಎಂದೂ ಕೋಚ್ ಹೇಳಿದರು. ಆ ಮಾತನ್ನು ಸೂಜಿಯಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣು ಆಗಲೇ ಡಬ್ಬಿಯಲ್ಲಿದ್ದ ಗ್ಲೌಸಿನ ಹೊಲಿಗೆಯ ಮೇಲಿತ್ತು.

ಕೋಟು ಹೊಲಿದ ಕೈ ಅದು. ಸೋಫಾ ಕವರು, ಶಾಲೆಯ ಬ್ಯಾಗು, ಒಮ್ಮೆ ಪಶುವೈದ್ಯರೊಬ್ಬರ ನಾಯಿಗೆ ಮಳೆ ಅಂಗಿ, ಯಾವುದನ್ನೂ ಆಗುವುದಿಲ್ಲ ಅಂದವಳಲ್ಲ. ಗ್ಲೌಸು ಅಂದರೆ ಏನು, ಮೇಲೊಂದು ರೆಕ್ಸಿನ್, ಒಳಗೊಂದಿಷ್ಟು ಸ್ಪಂಜು. ಇದಕ್ಕೆ ಅಂಗಡಿ ಯಾಕೆ ಅನ್ನಿಸಿತು ಅವಳಿಗೆ.

ಭಾನುವಾರ ಇಡೀ ದಿನ ಕೂತು ಹೊಲಿದಳು. ಕುರ್ಚಿಯ ದಿಂಬಿನಿಂದ ಉಳಿದ ಸ್ಪಂಜು, ಅದರ ಮೇಲೆ ಹಳೆಯ ಹಾಸಿಗೆಯ ಹತ್ತಿ, ಹೊರಗೆ ಕೆಂಪು ರೆಕ್ಸಿನ್, ಅಂಚಿಗೆ ಕಪ್ಪು ಪೈಪಿಂಗ್. ಬಿಸಿ ಪಾತ್ರೆ ಹಿಡಿಯುವ ಕೈಚೀಲದ ಹಾಗೆ ಹೆಬ್ಬೆರಳಿಗೆ ಬೇರೆಯೇ ಒಂದು ಗೂಡು. ಮಣಿಕಟ್ಟಿಗೆ ಒಂದು ಇಲಾಸ್ಟಿಕ್. ಮಗಳು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅತ್ತೆ ಕೂಡ ಕನ್ನಡಕ ಮೇಲೆತ್ತಿ, ಹೊಲಿಗೆ ಮಾತ್ರ ನೇರವಾಗಿದೆ ಎಂದರು.

ಸೋಮವಾರ ಹಾಲಿನಲ್ಲಿ ಹೆಂಗಸರೆಲ್ಲ ಸುತ್ತುವರಿದರು. ನನಗೂ ಒಂದು ಜೊತೆ ಮಾಡಿಕೊಡು ಎಂದು ಇಬ್ಬರು ಅಲ್ಲೇ ಹೇಳಿದರು. ಸೂಜಿಯಕ್ಕನ ಎದೆ ಉಬ್ಬಿತು. ಕೋಚ್ ಮಾತ್ರ ಗ್ಲೌಸನ್ನು ಕೈಗೆ ತೆಗೆದುಕೊಂಡು ಗೆಣ್ಣು ಬರುವ ಜಾಗವನ್ನು ಹೆಬ್ಬೆರಳಿನಿಂದ ಅದುಮಿದರು. ಅದುಮಿದ ಬೆರಳು ಒಳಗಿನ ಬಟ್ಟೆಯವರೆಗೂ ಹೋಯಿತು. ಇವತ್ತು ಇದನ್ನು ಹಾಕಿಕೊಂಡು ಗಾಳಿಯಲ್ಲಷ್ಟೇ ಮಾಡು, ಬ್ಯಾಗಿಗೆ ಬೇಡ, ತರಗತಿ ಮುಗಿದ ಮೇಲೆ ಮಾತಾಡೋಣ ಎಂದು ಹೇಳಿ ಇನ್ನೊಬ್ಬಳ ಕಾಲು ತಿದ್ದಲು ಆ ಕಡೆ ಹೋದರು.

ಆದರೆ ಹೊಸ ಗ್ಲೌಸು ಕೈಯಲ್ಲಿ, ಬ್ಯಾಗು ಕಣ್ಣ ಮುಂದೆ. ಒಂದೇ ಒಂದು ಎಂದುಕೊಂಡು ಹೊಡೆದಳು. ಏನೂ ಆಗಲಿಲ್ಲ. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಗೆಣ್ಣು ಚುರುಗುಟ್ಟಿತು. ನಾಲ್ಕನೆಯದನ್ನು ಜೋರಾಗಿಯೇ ಬಿಟ್ಟಳು. ಮಣಿಕಟ್ಟು ಒಳಕ್ಕೆ ಮಡಚಿತು, ಚಾಚಿಕೊಂಡಿದ್ದ ಹೆಬ್ಬೆರಳು ಬ್ಯಾಗಿಗೆ ಸಿಕ್ಕಿ ಹಿಂದಕ್ಕೆ ತಿರುಚಿಕೊಂಡಿತು. ಕಣ್ಣಲ್ಲಿ ನೀರು ಬಂತು. ಅಲ್ಲೇ ಕೂತುಬಿಟ್ಟಳು.

ದವಾಖಾನೆಯಲ್ಲಿ ಕೈಯ ಎಕ್ಸ್‌ರೇ ತೆಗೆಸಿದರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಹೆಬ್ಬೆರಳಿನ ಬುಡ ಉಳುಕಿತ್ತು. ಮೂರು ವಾರ ಆ ಕೈಯಲ್ಲಿ ಏನೂ ಮಾಡಕೂಡದು ಎಂದು ಡಾಕ್ಟರು ಪಟ್ಟಿ ಕಟ್ಟಿಸಿ ಕಳಿಸಿದರು.

ಆ ಮೂರು ವಾರವಾದರೂ ಎಂಥವು. ಶಾಲೆ ಶುರುವಾಗುವ ಕಾಲ. ಮೇಜಿನ ಮೇಲೆ ನೀಲಿ ಯೂನಿಫಾರ್ಮಿನ ಬಟ್ಟೆ ಮೊಣಕಾಲೆತ್ತರ ಬಿದ್ದಿತ್ತು. ಬಲಗೈ ಹೆಬ್ಬೆರಳು ಇಲ್ಲದೆ ಕತ್ತರಿ ಹಿಡಿಯುವುದು ಹೇಗೆ? ದಿನಕ್ಕೆ ನಾಲ್ಕು ತಾಯಂದಿರು ಕಿಟಕಿಯಲ್ಲಿ ಇಣುಕಿ ಆಯಿತಾ ಎಂದು ಕೇಳುವರು. ಸೂಜಿಯಕ್ಕ ಕೈ ತೋರಿಸುವಳು, ಅವರು ಅಯ್ಯೋ ಪಾಪ ಎನ್ನುವರು, ಆದರೂ ಯಾವಾಗ ಆಗುತ್ತದೆ ಎಂದು ಕೇಳಿಯೇ ಹೋಗುವರು.

ಕೊನೆಗೆ ಅತ್ತೆಯೇ ಸೆರಗು ಸಿಕ್ಕಿಸಿಕೊಂಡು ಕತ್ತರಿ ಹಿಡಿದರು. ಸೊಸೆ ಎಡಗೈಯಲ್ಲಿ ಸೀಮೆಸುಣ್ಣದ ಗೆರೆ ಹಾಕುವುದು, ಅತ್ತೆ ಗೆರೆಯ ಮೇಲೆ ಕತ್ತರಿಸುವುದು, ಮಗಳು ಶಾಲೆಯ ರಜೆಯಲ್ಲಿ ಗುಂಡಿ ಹಚ್ಚುವುದು, ಎದುರು ಬೀದಿಯ ಇನ್ನೊಬ್ಬ ಟೈಲರ್ ಅರ್ಧ ಬಟ್ಟೆ ಒಯ್ದು ಹೊಲಿದುಕೊಡುವುದು. ಹೀಗೆ ಹೇಗೋ ಸಾಗಿತು. ಅತ್ತೆ ಕತ್ತರಿಸುತ್ತಾ ಕತ್ತರಿಸುತ್ತಾ, ಇನ್ನು ಆ ಹಾಲಿನ ಕಡೆ ತಲೆ ಹಾಕಬೇಡ ಎಂದರು. ಸೂಜಿಯಕ್ಕನಿಗೂ ಹಾಗೇ ಅನ್ನಿಸಿತ್ತು. ಕೈಯನ್ನು ನಂಬಿ ಬದುಕುವ ತನಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಒಳಗೊಳಗೇ ಕೊರಗಿದಳು. ಬೆಳಗ್ಗೆ ಆರಕ್ಕೆ ಎಚ್ಚರವಾದರೂ ಮಗ್ಗುಲು ಬದಲಿಸಿ ಮಲಗುತ್ತಿದ್ದಳು. ಎರಡೇ ವಾರಕ್ಕೆ ಕತ್ತು ಮತ್ತೆ ಹಿಡಿಯಿತು.

ಪಟ್ಟಿ ಬಿಚ್ಚುವ ದಿನ ನರ್ಸಕ್ಕ ಮನೆಗೇ ಬಂದಳು. ಬೆರಳನ್ನು ಮೆಲ್ಲಗೆ ಆಡಿಸಿ ನೋಡಿ, ಸರಿಹೋಗಿದೆ, ಇನ್ನೊಂದೆರಡು ವಾರ ಹುಷಾರಾಗಿದ್ದು ಆಮೇಲೆ ತರಗತಿಗೆ ಬರಬಹುದು ಎಂದಳು. ಸೂಜಿಯಕ್ಕ ತಲೆ ಅಲ್ಲಾಡಿಸಿದಳು. ಬಾಕ್ಸಿಂಗ್ ನನಗೆ ಹೇಳಿಸಿದ್ದಲ್ಲ ಎಂದಳು.

ನರ್ಸಕ್ಕ ಗೋಡೆಗೆ ತೂಗುಬಿಟ್ಟಿದ್ದ ಅಳತೆ ಪುಸ್ತಕವನ್ನು ತೋರಿಸಿದಳು.

"ಒಂದು ಮಾತು ಹೇಳು. ಯಾರಾದ್ರೂ ಕೋಟು ಹೊಲಿಸೋಕೆ ಬಂದ್ರೆ ಅಳತೆ ಹೇಗೆ ತಗೋತೀಯ?"

"ಒಳಗೆ ಹಾಕ್ಕೊಳ್ಳೋ ಅಂಗಿ ಹಾಕಿಸಿಯೇ ತಗೋತೀನಿ. ಬರೀ ಮೈ ಮೇಲೆ ತಗೊಂಡ್ರೆ ಆಮೇಲೆ ತೋಳು ಬಿಗಿಯುತ್ತೆ."

"ಗ್ಲೌಸಿಗೂ ಹಾಗೇನೇ. ಕೈಗೆ ಪಟ್ಟಿ ಸುತ್ತಿಕೊಂಡೇ ಹಾಕಿ ನೋಡಬೇಕು. ನೀನು ಬರಿಗೈ ಅಳತೆ ಇಟ್ಟು ಹೊಲಿದೆ. ಒಳಗೆ ಪಟ್ಟಿ ಸುತ್ತೋಕೆ ಜಾಗವೇ ಇರಲಿಲ್ಲ, ಅವತ್ತು ಪಟ್ಟಿ ಬಿಟ್ಟೇ ಹಾಕ್ಕೊಂಡೆ. ನಾನು ನೋಡ್ದೆ."

ಸೂಜಿಯಕ್ಕ ನಾಲಿಗೆ ಕಚ್ಚಿಕೊಂಡಳು. ಅದು ನಿಜವಾಗಿತ್ತು.

ಆಮೇಲೆ ನರ್ಸಕ್ಕ ಒಂದೊಂದಾಗಿ ಬಿಡಿಸಿ ಹೇಳಿದಳು. ದಿಂಬಿನ ಸ್ಪಂಜು ಕೂರುವುದಕ್ಕೆ, ಗುದ್ದುವುದಕ್ಕಲ್ಲ. ಗ್ಲೌಸಿನಲ್ಲಿ ಗಟ್ಟಿ ಸ್ಪಂಜನ್ನು ಪದರ ಪದರವಾಗಿ ಇಟ್ಟಿರುತ್ತಾರೆ, ಅದು ಹೊಡೆತವನ್ನು ನುಂಗುತ್ತದೆ. ಹೆಬ್ಬೆರಳನ್ನು ಗ್ಲೌಸಿನ ಮೈಗೆ ಸೇರಿಸಿ ಹೊಲಿದಿರುತ್ತಾರೆ, ಅದು ಚಾಚಿಕೊಂಡು ಎಲ್ಲೂ ಸಿಕ್ಕಿಕೊಳ್ಳಬಾರದೆಂದು. ಮಣಿಕಟ್ಟಿನ ಪಟ್ಟಿ ಅಗಲವಾಗಿ, ಗಟ್ಟಿಯಾಗಿ ಇರುತ್ತದೆ, ಕೈ ಮಡಚದ ಹಾಗೆ. ಇಲಾಸ್ಟಿಕ್ ಆ ಕೆಲಸ ಮಾಡುವುದಿಲ್ಲ.

ಮೂಲೆಯಲ್ಲಿ ಕೂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಹೇಳಿದರು, "ಹಾಗಾದ್ರೆ ತಪ್ಪು ಗುದ್ದೋದರದ್ದಲ್ಲ, ಇವಳ ಜಂಬದ್ದು."

"ಹೌದು ಅತ್ತೆ," ಎಂದಳು ಸೂಜಿಯಕ್ಕ. ಇಷ್ಟು ದಿನದಲ್ಲಿ ಮೊದಲ ಸಲ ನಕ್ಕಳು.

ಕೈ ಪೂರ್ತಿ ಗಟ್ಟಿಯಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಸೂಜಿಯಕ್ಕ, ನರ್ಸಕ್ಕ, ಅತ್ತೆ ಮೂವರೂ ಕ್ರೀಡಾ ಸಾಮಾನಿನ ಅಂಗಡಿಗೆ ಹೋದರು. ಇನ್ನೊಂದು ಸಲ ಕೈ ಉಳುಕಿಸಿಕೊಂಡರೆ ಕತ್ತರಿ ಹಿಡಿಯಬೇಕಾದವಳು ನಾನು, ಅದಕ್ಕೆ ನಾನೂ ಬರುತ್ತೇನೆ ಎಂದು ಅತ್ತೆ ಹೊರಟಿದ್ದರು. ಹೊರಡುವ ಮುಂಚೆ ನರ್ಸಕ್ಕ ಕೈಪಟ್ಟಿಯನ್ನು ಚೀಲಕ್ಕೆ ಹಾಕಿಸಿದ್ದಳು.

ಅಂಗಡಿಯವನು ಮೊದಲು ತೋರಿಸಿದ್ದು ಬಂಗಾರದ ಬಣ್ಣದ, ಮಿರಮಿರ ಮಿಂಚುವ ಪುಟ್ಟ ಜೊತೆ. ಕೈಗೆ ಹಗುರ, ಮುಂದೆ ಹುಲಿಯ ಚಿತ್ರ. ಬೈಯಲೆಂದೇ ಬಂದಿದ್ದ ಅತ್ತೆಗೆ ಅದು ಕಣ್ಣು ಕುಕ್ಕಿತು. ಹಾಕಿಕೊಳ್ಳುವುದೇ ಆದರೆ ನಾಲ್ಕು ಜನ ನೋಡುವಂಥದ್ದನ್ನೇ ಹಾಕಿಕೊ ಎಂದರು. ನರ್ಸಕ್ಕ ಅದರ ಮಣಿಕಟ್ಟಿನ ಮೇಲಿದ್ದ ಚೀಟಿ ಓದಿ ತೋರಿಸಿದಳು. ಎಂಟು ಔನ್ಸ್ ಎಂದಿತ್ತು. ಗ್ಲೌಸನ್ನು ಅದರ ತೂಕದ ಮೇಲೆ ಅಳೆಯುತ್ತಾರೆ, ಆ ತೂಕಕ್ಕೆ ಔನ್ಸ್ ಅನ್ನುತ್ತಾರೆ, ಔನ್ಸ್ ಹೆಚ್ಚಿದಷ್ಟೂ ಸಾಮಾನ್ಯವಾಗಿ ಒಳಗೆ ಮೆತ್ತೆ ಹೆಚ್ಚು ಎಂದು ವಿವರಿಸಿದಳು. ಎಂಟರದ್ದು ಪಂದ್ಯ ಆಡುವವರಿಗೆ ಇಲ್ಲವೇ ಮಕ್ಕಳಿಗೆ. ಹೊಸದಾಗಿ ಬ್ಯಾಗಿಗೆ ಹೊಡೆಯಲು ಕಲಿಯುವ ದೊಡ್ಡವರಿಗೆ ಹನ್ನೆರಡೋ ಹದಿನಾಲ್ಕೋ ಸಾಕು. ಮುಂದೆ ಎದುರಾಳಿಯ ಜೊತೆ ಅಭ್ಯಾಸ ಮಾಡುವ ದಿನ ಬಂದರೆ ಅದಕ್ಕೆ ಹದಿನಾರರದ್ದು, ಬೇರೆಯೇ ಜೊತೆ ಇಟ್ಟುಕೊಳ್ಳಬೇಕು, ಎದುರಿನವರ ಮುಖವೂ ಮುಖವೇ ಅಲ್ಲವೇ.

ಮೈತೂಕವನ್ನೂ ನೋಡಿ ಔನ್ಸ್ ಆರಿಸಬೇಕು, ನಿಮ್ಮ ತೂಕ ಎಷ್ಟು ಎಂದು ಅಂಗಡಿಯವನು ಕೇಳಿದ. ಸೂಜಿಯಕ್ಕ ಅತ್ತೆಯ ಕಡೆ ನೋಡಿದಳು, ಮೇಲಿನ ಫ್ಯಾನಿನ ಕಡೆ ನೋಡಿದಳು, ಆಮೇಲೆ ನರ್ಸಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು. ಅರವತ್ತೆರಡು ಎಂದು ನರ್ಸಕ್ಕ ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದಳು.

ಹನ್ನೆರಡರದ್ದೂ ಬಂತು, ಹದಿನಾಲ್ಕರದ್ದೂ ಬಂತು. ಸೂಜಿಯಕ್ಕ ಕೌಂಟರಿನ ಮುಂದೆ ನಿಂತು ಎರಡೂ ಕೈಗೆ ಪಟ್ಟಿ ಸುತ್ತಿಕೊಂಡಳು. ಹದಿನಾಲ್ಕರದ್ದನ್ನು ಹಾಕಿದಾಗ, ಪಟ್ಟಿ ಸುತ್ತಿದ್ದರೂ ಕೈ ಒಳಗೆ ಜಾರಾಡಿತು. ಆ ಕಂಪನಿಯದ್ದು ಅವಳ ಕೈಗೆ ದೊಡ್ಡದಾಯಿತು. ಹನ್ನೆರಡರದ್ದರಲ್ಲಿ ಬೆರಳ ತುದಿ ಮೇಲಿನ ಅಂಚಿಗೆ ಮೆಲ್ಲಗೆ ತಗುಲಿತು, ಮುಷ್ಟಿ ಕಟ್ಟಿದರೆ ಸಲೀಸಾಗಿ ಮುಚ್ಚಿತು, ಎಲ್ಲೂ ಒತ್ತಲಿಲ್ಲ. ಮಣಿಕಟ್ಟಿನ ವೆಲ್ಕ್ರೋ ಪಟ್ಟಿಯನ್ನು ಒಬ್ಬಳೇ ಹಲ್ಲಿನಿಂದ ಎಳೆದು ಬಿಗಿದುಕೊಳ್ಳಲು ಬಂತು. ದಾರ ಕಟ್ಟುವ ಗ್ಲೌಸು ಒಳ್ಳೆಯದೇ, ಆದರೆ ಕಟ್ಟಲು ಇನ್ನೊಬ್ಬರು ಬೇಕು, ಕಲಿಯುವವರಿಗೆ ವೆಲ್ಕ್ರೋ ಸುಲಭ ಎಂದಳು ನರ್ಸಕ್ಕ. ಆಮೇಲೆ ಸೂಜಿಯಕ್ಕನ ಮುಷ್ಟಿಯನ್ನು ತನ್ನ ಅಂಗೈಯಿಂದ ಒತ್ತಿ ನೋಡಿದಳು. ಮಣಿಕಟ್ಟು ಬಾಗಲಿಲ್ಲ.

ಅಂಗಡಿಯವನು ಇನ್ನೇನು ಕಟ್ಟಿಕೊಡಬೇಕು, ಸೂಜಿಯಕ್ಕ ತಡೆದಳು. ಇಷ್ಟು ಹೊತ್ತು ಹೇಳಿದ್ದನ್ನು ಕೇಳಿದ್ದಳು, ಈಗ ತನಗೆ ಗೊತ್ತಿರುವ ಕೆಲಸ. ಪಟ್ಟಿ ಬಿಚ್ಚಿ ಬರಿಗೈಯನ್ನು ಗ್ಲೌಸಿನ ಒಳಗೆ ಹಾಕಿ ಬೆರಳಿನಿಂದ ಮೂಲೆ ಮೂಲೆ ತಡಕಿದಳು. ಎಡಗೈಯದ್ದರ ಒಳಗೆ, ಕಿರುಬೆರಳಿನ ಹತ್ತಿರ ಹೊಲಿಗೆಯ ಗಂಟೊಂದು ಉಬ್ಬಿತ್ತು. ಅಂಗೈಯ ಕಡೆ ಒಂದು ಅಂಚು ಆಗಲೇ ಬಾಯಿ ಬಿಡುತ್ತಿತ್ತು.

"ಈ ಗಂಟು ದಿನಾ ಉಜ್ಜಿದ್ರೆ ವಾರದಲ್ಲಿ ಚರ್ಮ ಕಿತ್ತುಬರುತ್ತೆ. ಈ ಅಂಚಿಗೆ ಒಂದೇ ಹೊಲಿಗೆ ಹಾಕಿದ್ದಾರೆ, ಎರಡು ಹಾಕಬೇಕಿತ್ತು. ಬೇರೆ ಕೊಡಿ," ಎಂದಳು.

ಅಂಗಡಿಯವನು ಗಂಟನ್ನು ತಾನೂ ಮುಟ್ಟಿ ನೋಡಿದ. ಒಳಗೆ ಹೋಗಿ ಅದೇ ಅಳತೆಯ ಇನ್ನೊಂದು ಕಂಪನಿಯ ಜೊತೆ ತಂದ. ಸಾದಾ ಕಪ್ಪು, ಚಿತ್ರವಿಲ್ಲ, ಮಿಂಚಿಲ್ಲ. ಒಳಗೆ ನುಣುಪು, ಅಂಚಿಗೆ ಎರಡು ಹೊಲಿಗೆ. ಮತ್ತೆ ಪಟ್ಟಿ ಸುತ್ತಿ, ಹಾಕಿ, ಮುಷ್ಟಿ ಕಟ್ಟಿ ನೋಡಿಯೇ ಒಪ್ಪಿದಳು. ಇಷ್ಟೆಲ್ಲ ಆಗುವ ಹೊತ್ತಿಗೆ ಅತ್ತೆ ಬಂಗಾರದ ಜೊತೆಯನ್ನು ತಾವಾಗಿಯೇ ಗಾಜಿನ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದರು.

ಸೋಮವಾರ ಕೋಚ್ ಆ ಗ್ಲೌಸಿನ ಗೆಣ್ಣಿನ ಜಾಗ ಅದುಮಿದರು. ಬೆರಳು ಸ್ವಲ್ಪ ಇಳಿದು ಅಲ್ಲೇ ನಿಂತಿತು. ನನ್ನನ್ನು ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ ಎಂದರು. ಸೂಜಿಯಕ್ಕ, ಅವತ್ತು ನಿಮ್ಮ ಮಾತು ಕೇಳಲಿಲ್ಲ, ತಪ್ಪಾಯಿತು ಎಂದಳು. ಕೋಚ್ ಅವಳ ಬೆನ್ನು ತಟ್ಟಿ ಬ್ಯಾಗಿನ ಮುಂದೆ ನಿಲ್ಲಿಸಿದರು. ಮೊದಲ ಹೊಡೆತ ಹೆದರಿ ಹೆದರಿ ಹೊಡೆದಳು. ಎರಡನೆಯದು ಧಪ್ಪೆಂದು ಬಿತ್ತು. ಗೆಣ್ಣು ಉರಿಯಲಿಲ್ಲ, ಮಣಿಕಟ್ಟು ಅಲುಗಲಿಲ್ಲ, ಹೆಬ್ಬೆರಳು ತನ್ನ ಜಾಗದಲ್ಲೇ ಇತ್ತು. ಆ ಬೆಳಗ್ಗೆ ಬ್ಯಾಗಿನ ಮುಂದಿನಿಂದ ಕೊನೆಗೆ ಸರಿದವಳು ಅವಳೇ. ನನಗೂ ಒಂದು ಜೊತೆ ಮಾಡಿಕೊಡು ಎಂದಿದ್ದ ಇಬ್ಬರನ್ನು ಪಕ್ಕಕ್ಕೆ ಕರೆದು, ಹೊಲಿಯುವುದಿಲ್ಲ, ಅಂಗಡಿಗೆ ಬೇಕಾದರೆ ಜೊತೆಗೆ ಬರುತ್ತೇನೆ ಎಂದಳು.

ಮನೆಗೆ ಬಂದವಳೇ ಗ್ಲೌಸಿನ ಬಾಯಿ ಅಗಲಿಸಿ, ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ, ಕಿಟಕಿಯ ಗಾಳಿಗೆ ಇಟ್ಟಳು. ಪಟ್ಟಿ ಒಗೆದು ಹರವಿದಳು. ಅಷ್ಟರಲ್ಲಿ ಮಗಳು ಬಂದು ಒಂದು ಗ್ಲೌಸಿಗೆ ಕೈ ತೂರಿಸಿ ಗೋಡೆಯ ಕಡೆ ತಿರುಗಿದ್ದಳು. ಮಕ್ಕಳಿಗೂ ಭಾನುವಾರದಿಂದ ತರಗತಿ ಇದೆಯಂತೆ, ನಾನೂ ಹೋಗುತ್ತೇನೆ, ಇದನ್ನೇ ಹಾಕಿಕೊಳ್ಳುತ್ತೇನೆ ಎಂದಳು.

ಸೂಜಿಯಕ್ಕ ಬಾಯಿ ತೆರೆಯುವ ಮುಂಚೆ ಅತ್ತೆಯೇ ಎದ್ದು ಬಂದು ಮೊಮ್ಮಗಳ ಕೈಯಿಂದ ಗ್ಲೌಸು ಕಳಚಿದರು.

"ಇದು ನಿಮ್ಮಮ್ಮನ ಅಳತೆದು. ನಿನ್ನ ಕೈ ಇದರೊಳಗೆ ಕುಣಿದಾಡುತ್ತೆ, ಮಣಿಕಟ್ಟು ಉಳುಕುತ್ತೆ. ಆ ಕೋಚ್ ಹತ್ರ ನಿನಗೆ ಎಷ್ಟು ಔನ್ಸಿಂದು ಬೇಕು ಅಂತ ಮೊದಲು ಕೇಳ್ಕೊಂಡು ಬಾ. ಶನಿವಾರ ಅಂಗಡಿಗೆ ನಾನೇ ಕರ್ಕೊಂಡು ಹೋಗ್ತೀನಿ."

ಸೂಜಿಯಕ್ಕ ಎರಡು ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡು ಮಷೀನಿನ ಮುಂದೆ ಕೂತಳು. ನಗು ಬಂದರೂ ನಗುವ ಹಾಗಿರಲಿಲ್ಲ.

ಅಕ್ಕಂದಿರೇ, ತಂಗಿಯರೇ, ಮಕ್ಕಳನ್ನು ತರಗತಿಗೆ ಸೇರಿಸಿರುವ ಅಪ್ಪ ಅಮ್ಮಂದಿರೇ, ನೀವೂ ಬಾಕ್ಸಿಂಗ್ ಕಲಿಯಲು ಹೊರಟಿದ್ದರೆ ಹೆದರಬೇಡಿ, ಖಂಡಿತ ಕಲಿಯಿರಿ. ಆದರೆ ಬಣ್ಣ ನೋಡಿ ಮರುಳಾಗಬೇಡಿ, ಇನ್ನೊಬ್ಬರ ಗ್ಲೌಸು ಎರವಲು ಹಾಕಿಕೊಳ್ಳಬೇಡಿ, ಮನೆಯಲ್ಲಿ ಹೊಲಿದದ್ದಂತೂ ಬೇಡವೇ ಬೇಡ. ಕಲಿಸುವವರನ್ನು ಮೊದಲು ಕೇಳಿ. ಔನ್ಸಿನ ಚೀಟಿ ಓದಿ. ಹೆಬ್ಬೆರಳು ಮೈಗೆ ಸೇರಿದೆಯೇ, ಮಣಿಕಟ್ಟು ಬಾಗದೆ ನಿಲ್ಲುತ್ತದೆಯೇ, ಒಳಗಿನ ಹೊಲಿಗೆ ನುಣುಪಾಗಿದೆಯೇ ಎಂದು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ಈ ಕಥೆಯಲ್ಲಿ ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ: ಅಂಗಡಿಗೆ ಹೊರಡುವಾಗ ಕೈಪಟ್ಟಿ ಚೀಲದಲ್ಲಿರಲಿ. ಅದನ್ನು ಸುತ್ತಿಕೊಳ್ಳದೆ ಯಾವ ಗ್ಲೌಸಿಗೂ ಹೂಂ ಅನ್ನಬೇಡಿ.